ಸಲೋಮತ್ ಓಪಾಳ ಬೆನ್ನು ಮತ್ತು ಸೊಸೆಯ ಚಾಪೆ

ಉಜ್ಬೇಕಿಸ್ತಾನದ ಕೊಕಂದಿನ ಆ ಓಣಿಯಲ್ಲಿ ಬೆಳಗ್ಗೆ ಆರಕ್ಕೆ ಸಲೋಮತ್ ಓಪಾಳ, ಅಂದರೆ ಸಲೋಮತಕ್ಕನ, ರೊಟ್ಟಿಯ ಪರಿಮಳ ಹೊರಡದಿದ್ದರೆ ಜನ ತಮ್ಮ ಮನೆಯ ಗಡಿಯಾರವನ್ನೇ ಅನುಮಾನಿಸುತ್ತಿದ್ದರು. ಅಕ್ಟೋಬರಿನ ಆ ಬುಧವಾರ ವಾಸನೆಯೇನೋ ಹೊತ್ತಿಗೆ ಸರಿಯಾಗಿ ಬಂತು. ಆದರೆ ಅದು ಸೀದ ವಾಸನೆ.

ಅವಳ ಗಂಡ ಮೂಮಿನ್‌ಜಾನ್ ಮೇಷ್ಟ್ರು ಚಹಾದ ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡೇ ಹಿತ್ತಲಿಗೆ ಓಡಿದರು. ನೋಡಿದರೆ, ಸಲೋಮತ್ ತಂದೂರಿನ ಬಾಯಿಯ ಮುಂದೆ ಮಡಿಸಿಟ್ಟ ಕುರ್ಚಿಯ ಹಾಗೆ ಬಗ್ಗಿ ನಿಂತಿದ್ದಳು. ಎಡಗೈ ಒಲೆಯ ಅಂಚಿನ ಮೇಲೆ. ಬಲಗೈಗೆ ರೊಟ್ಟಿ ಅಂಟಿಸುವ ಮೆತ್ತೆ ತೊಟ್ಟೇ ಇತ್ತು. ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು.

"ಏನಾಯ್ತೇ?"

"ರೊಟ್ಟಿ ತೆಗೀರಿ ಮೊದ್ಲು."

"ನಿಂಗೇನಾಯ್ತು ಅಂತ ಕೇಳ್ದೆ."

"ಒಳಗೆ ಹನ್ನೊಂದು ರೊಟ್ಟಿ ಇದೆ, ಇಲ್ಹೋಮನ ಅಪ್ಪ. ನನ್ನನ್ನ ಆಮೇಲೆ ತೆಗೀರಿ."

ಮೇಷ್ಟ್ರು ಮೂವತ್ನಾಲ್ಕು ವರ್ಷ ಭೂಗೋಳ ಪಾಠ ಮಾಡಿದವರು. ಸಿರ್ ದರಿಯಾ ನದಿಯ ಒಂದೊಂದು ತಿರುವನ್ನೂ ಕಣ್ಣು ಮುಚ್ಚಿಕೊಂಡು ಕಪ್ಪುಹಲಗೆಯ ಮೇಲೆ ಬರೆಯಬಲ್ಲವರು. ಆದರೆ ಮದುವೆಯಾದ ದಿನದಿಂದ ಆ ತಂದೂರಿನ ಹತ್ತಿರ ಕೈ ಚಾಚಲು ಅವರಿಗೆ ಅನುಮತಿ ಸಿಕ್ಕಿರಲಿಲ್ಲ. ಕೊಕ್ಕೆ ಹಾಕಿ ತೆಗೆಯಹೋಗಿ ನಾಲ್ಕು ರೊಟ್ಟಿಯನ್ನು ಕೆಂಡದೊಳಕ್ಕೆ ಬೀಳಿಸಿದರು. ಸಲೋಮತ್ ಬಗ್ಗಿದಲ್ಲಿಂದಲೇ ಒಂದೊಂದನ್ನೂ ಎಣಿಸಿದಳು.

ಅಷ್ಟರಲ್ಲಿ ಮಗ ಇಲ್ಹೋಮ್, ಸೊಸೆ ನಫೋಸತ್ ಇಬ್ಬರೂ ಓಡಿ ಬಂದರು. ಇಲ್ಹೋಮ್ ಬೀದಿದೀಪ ರಿಪೇರಿ ಮಾಡುವವನು, ಗಟ್ಟಿ ಆಳು. ತಾಯಿಯನ್ನು ಹಿಂದಿನಿಂದ ತಬ್ಬಿ ಎತ್ತಲು ಹೊರಟ.

"ಎತ್ಬೇಡಿ!" ಎಂದಳು ನಫೋಸತ್. "ಯಾರೂ ಮುಟ್ಬೇಡಿ. ಅತ್ತೆ, ಮೊಣಕಾಲು ಮಡಿಸಿ. ಇನ್ನೂ ಸ್ವಲ್ಪ. ಹಾಗೇ ನನ್ನ ಮೇಲೆ ಭಾರ ಬಿಡಿ, ಪಕ್ಕಕ್ಕೆ ಮಲಗೋಣ."

ಹದಿನೆಂಟು ತಿಂಗಳಿನಲ್ಲಿ ಸೊಸೆಯ ಬಾಯಿಂದ ಬಂದ ಮೊದಲ ಅಪ್ಪಣೆ ಅದು. ನೋವಿಗೆ ಕಿವಿಯೂ ಕೆಟ್ಟಿರಬೇಕು ಅಂದುಕೊಂಡಳು ಸಲೋಮತ್.

ಸಲೋಮತ್ ಎಂದರೆ ಆರೋಗ್ಯ. ಐವತ್ತೇಳು ವರ್ಷ ಅವಳು ಆ ಹೆಸರಿಗೆ ಮರ್ಯಾದೆ ತಂದುಕೊಂಡೇ ಬದುಕಿದ್ದಳು. ಜ್ವರ ಬಂದರೆ ಅದನ್ನು ನಿಂತುಕೊಂಡೇ ಕಳಿಸಿಕೊಡುವ ಹೆಂಗಸು. ದಿನಕ್ಕೆ ನೂರಿಪ್ಪತ್ತು ರೊಟ್ಟಿ, ಮದುವೆಯ ಕಾಲದಲ್ಲಿ ಅದರ ಜೊತೆಗೆ ಬೆಣ್ಣೆ ಪದರದ ದಪ್ಪ ರೊಟ್ಟಿ ಬೇರೆ. ಅವಳ ರೊಟ್ಟಿಯ ನಡುವೆ ಮುಳ್ಳಚ್ಚಿನಿಂದ ಒತ್ತಿದ ಹೂವು ಎಷ್ಟು ಅಚ್ಚುಕಟ್ಟೆಂದರೆ, ಬೀಗರ ಮನೆಗೆ ಕಳಿಸುವ ರೊಟ್ಟಿಯನ್ನು ಓಣಿಯವರು ಬೇರೆಲ್ಲೂ ಕೊಳ್ಳುತ್ತಿರಲಿಲ್ಲ. ಇದು ಅವಳಿಗೂ ಚೆನ್ನಾಗಿ ಗೊತ್ತಿತ್ತು. ಗೊತ್ತಿದೆಯೆಂಬುದು ಓಣಿಗೂ ಗೊತ್ತಿತ್ತು.

ಸೊಸೆಯ ಉದ್ಯೋಗದ ಬಗ್ಗೆ ಮಾತ್ರ ಅವಳಿಗೆ ಅಷ್ಟೇನೂ ಗೌರವವಿರಲಿಲ್ಲ. ನಫೋಸತ್ ಊರಿನ ಚಿಕಿತ್ಸಾಲಯವೊಂದರಲ್ಲಿ ವ್ಯಾಯಾಮ ಮಾಡಿಸುವವಳು. ಬೆನ್ನು, ಮಂಡಿ, ಕುತ್ತಿಗೆ ಕೆಟ್ಟವರು ಅವಳ ಹತ್ತಿರ ಬರುತ್ತಿದ್ದರು. ಮದುವೆಗೆ ಮುಂಚೆ ತಾಷ್ಕೆಂಟಿನಲ್ಲಿ ಆರು ತಿಂಗಳು ಪಿಲಾಟೆಸ್ ಎಂಬ ಚಿಕಿತ್ಸೆಯ ವ್ಯಾಯಾಮವನ್ನೂ ಕಲಿತು ಬಂದಿದ್ದಳು. ಸಂಬಂಧ ಮಾತಾಡುವಾಗ ಆ ಹೆಸರು ಕೇಳಿ, ಅದು ಪಲಾವಿನ ಒಂದು ಬಗೆಯೇ ಇರಬೇಕು, ಹುಡುಗಿಗೆ ಅಡುಗೆ ಬರುತ್ತದೆ ಎಂದು ಸಲೋಮತ್ ಸಮಾಧಾನಪಟ್ಟುಕೊಂಡಿದ್ದಳು. ನಿಜ ತಿಳಿದ ಮೇಲೆ ಪಕ್ಕದ ಮನೆಯ ಹೋಸಿಯತಳ ಹತ್ತಿರ ಹೇಳಿಕೊಂಡಿದ್ದಳು: "ಜನಕ್ಕೆ ನೆಲದ ಮೇಲೆ ಮಲಗೋದು ಹೇಗೆ ಅಂತ ಕಲಿಸ್ತಾಳಂತೆ. ಅದಕ್ಕೆ ಸಂಬಳ ಬೇರೆ ಕೊಡ್ತಾರಂತೆ. ನಾವು ಸುಮ್ನೆ ಬಿಟ್ಟಿ ಮಲಗಿ ಹಾಳಾದ್ವಿ ನೋಡು."

ಈಗ ಅವಳೇ ಮಲಗಿದ್ದಳು, ಅದೂ ಮೂರು ವಾರ.

ಆಸ್ಪತ್ರೆಯಲ್ಲಿ ಬೆನ್ನಿನ ಚಿತ್ರ ತೆಗೆದರು. ಸೊಂಟದ ಹತ್ತಿರ ಎರಡು ಎಲುಬಿನ ನಡುವಿನ ಮೆತ್ತೆ ಹೊರಕ್ಕೆ ಉಬ್ಬಿ ನರವನ್ನು ಒತ್ತುತ್ತಿದೆ, ಅದಕ್ಕೇ ನೋವು ಬಲಗಾಲಿನ ಹಿಮ್ಮಡಿಯವರೆಗೂ ಹರಿಯುತ್ತಿದೆ ಎಂದರು. ಶಸ್ತ್ರಚಿಕಿತ್ಸೆಗೆ ಅವಸರವಿಲ್ಲ, ಚುಚ್ಚುಮದ್ದು ತೆಗೆದುಕೊಳ್ಳಿ, ಆಮೇಲೆ ಸರಿಯಾದ ವ್ಯಾಯಾಮ ಮಾಡಿ ಎಂದರು. ಸಲೋಮತ್ ಚುಚ್ಚುಮದ್ದಿನವರೆಗೆ ಮಾತ್ರ ಕೇಳಿಸಿಕೊಂಡಳು. ಉಳಿದದ್ದನ್ನು ಓಣಿ ನೋಡಿಕೊಂಡಿತು. ಒಬ್ಬರು ನಾಯಿಯ ಕೂದಲಿನ ಉಣ್ಣೆಯಲ್ಲಿ ಹೆಣೆದ ಸೊಂಟಪಟ್ಟಿ ತಂದುಕೊಟ್ಟರು. ಇನ್ನೊಬ್ಬರು ಬಿಸಿ ಉಪ್ಪಿನ ಚೀಲ ಕಟ್ಟಿದರು. ಮತ್ತೊಬ್ಬರು ಕುರಿಬಾಲದ ಕೊಬ್ಬು ಸವರಿ ಹೋದರು. ಆ ವಾಸನೆಗೆ ಓಣಿಯ ಬೆಕ್ಕುಗಳೆಲ್ಲ ಕಿಟಕಿಯ ಹತ್ತಿರ ಬಂದು ಕೂತವು. ಎಲುಬು ಕೂರಿಸುವವನೊಬ್ಬ ಬಂದು ಬೆನ್ನ ಮೇಲೆ ಹತ್ತಿ ನಿಂತ. ಅವನು ಇಳಿದ ಮೇಲೆ ಎರಡು ದಿನ ಸಲೋಮತಳಿಗೆ ಮಾತೇ ಹೊರಡಲಿಲ್ಲ. ಮನೆಯಲ್ಲಿ ಅಂಥ ನಿಶ್ಶಬ್ದ ಎಂದೂ ಆಗಿರಲಿಲ್ಲವೆಂದು ಇಲ್ಹೋಮ್ ಆಮೇಲೆ ಹೇಳುತ್ತಿದ್ದ, ತಾಯಿ ಹತ್ತಿರ ಇಲ್ಲದಾಗ.

ಹೋಸಿಯತ್ ದಿನಾ ಬಿಸಿ ಸಮೋಸ ತರುತ್ತಿದ್ದಳು. ಜೊತೆಗೊಂದು ಕಥೆ. ಅವಳ ಸೋದರಮಾವನಿಗೆ ಬೆನ್ನು ಕೊಯ್ಯಿಸಿದ ಮೇಲೆ ಕಾಲು ಬಿತ್ತಂತೆ. ಅವಳ ನಾದಿನಿಯ ಓರಗಿತ್ತಿಗೆ ಕೊಯ್ಯಿಸದೇ ಇದ್ದುದರಿಂದ ಕಾಲು ಬಿತ್ತಂತೆ. ಹೇಗೂ ಕಾಲಂತೂ ಬೀಳುವುದೇ ಎಂಬಂತೆ ಅವಳು ಕಣ್ಣೊರೆಸಿಕೊಂಡು ತಟ್ಟೆ ತೆಗೆದುಕೊಂಡು ಹೋಗುತ್ತಿದ್ದಳು.

ಒಂದು ಬೆಳಗ್ಗೆ ನಫೋಸತ್ ಎಂದಿನಂತೆ ಎದೆಗೆ ಕೈಯಿಟ್ಟು, ಬಾಗಿ, ಅತ್ತೆಗೆ ಸಲಾಮು ಹೇಳಿ ಅಲ್ಲೇ ನಿಂತಳು.

"ಏನು?" ಎಂದಳು ಸಲೋಮತ್.

"ಅತ್ತೆ, ದಿನಕ್ಕೆ ಇಪ್ಪತ್ತು ನಿಮಿಷ ನಂಗೆ ಕೊಡಿ. ಆರು ವಾರ. ನೋವಾಗೋ ಹಾಗೆ ಏನೂ ಮಾಡಿಸಲ್ಲ."

"ಅಂದ್ರೆ ನಾನು ನಿನ್ನ ಕಾಲ ಹತ್ರ ಬಿದ್ಕೊಂಡು ಕೈಕಾಲು ಆಡಿಸ್ಬೇಕು. ನೀನು ಮೇಲೆ ನಿಂತ್ಕೊಂಡು ಒಂದು, ಎರಡು ಅನ್ಬೇಕು."

"ನಾನೂ ನೆಲದ ಮೇಲೇ ಕೂತ್ಕೋತೀನಿ."

"ಈ ಮನೇಲಿ ಸೊಸೆ ಅತ್ತೆಗೆ ಬಗ್ತಾಳೆ. ಅತ್ತೆ ಸೊಸೆಗೆ ಬಗ್ಗಲ್ಲ."

"ನೀವು ಬಗ್ಗೋದು ಬೇಡ ಅತ್ತೆ. ಬಗ್ಗಿದ್ದೇ ತೊಂದ್ರೆ ಆಗಿರೋದು."

ಮೂಲೆಯಲ್ಲಿ ಪತ್ರಿಕೆ ಓದುತ್ತಿದ್ದ ಮೇಷ್ಟ್ರು ತಲೆಯೆತ್ತದೆ ಹೇಳಿದರು: "ಹೆಂಗೂ ಮಲಗೇ ಇದ್ದೀಯಲ್ಲೇ. ಅವಳು ಹೇಳಿದ ಹಾಗೆ ಮಲಗು, ಮುಗೀತು."

ಮರುದಿನ ಹತ್ತು ಗಂಟೆಗೆ, ಓಣಿಯ ಹೆಂಗಸರೆಲ್ಲ ಸಂತೆಗೆ ಹೋದ ಹೊತ್ತು ನೋಡಿ, ಬೀದಿಬಾಗಿಲು ಹಾಕಿ, ಅಂಗಳದ ಮರದ ಜಗಲಿಯ ಮೇಲೆ ನಫೋಸತ್ ತನ್ನ ನೀಲಿ ಚಾಪೆ ಬಿಚ್ಚಿದಳು. ಹತ್ತಿಯ ಹಾಸಿಗೆ ಹಾಸೆಂದಳು ಸಲೋಮತ್. ಮೆತ್ತಗಿನ ಹಾಸಿಗೆಯಲ್ಲಿ ಬೆನ್ನು ಕಳ್ಳತನ ಮಾಡುತ್ತದೆ, ಬೇಡ ಎಂದಳು ಸೊಸೆ. ಸಲೋಮತ್ ಮೊಣಕಾಲು ಮಡಿಸಿ ಅಂಗಾತ ಮಲಗಿ, ಇನ್ನೇನು ಪೈಲ್ವಾನರ ಕಸರತ್ತು ಶುರುವಾಗುತ್ತದೆಂದು ಹಲ್ಲು ಕಚ್ಚಿಕೊಂಡಳು.

"ಉಸಿರು ತಗೊಳ್ಳಿ."

"ತಗೊಂಡೆ. ಆಮೇಲೆ?"

"ಆಮೇಲೆ ಬಿಡಿ."

"ಬಿಟ್ಟೆ. ಆಮೇಲೆ?"

"ಇವತ್ತಿಗೆ ಇಷ್ಟೇ ಅತ್ತೆ. ಇದನ್ನೇ ಹತ್ತು ನಿಮಿಷ."

ಸಲೋಮತ್ ಕತ್ತು ಹೊರಳಿಸಿ ಸೊಸೆಯನ್ನು ನೋಡಿದಳು. "ಐವತ್ತೇಳು ವರ್ಷದಿಂದ ಉಸಿರಾಡ್ತಿದೀನಿ. ಯಾರೂ ಹೇಳಿಕೊಟ್ಟಿರ್ಲಿಲ್ಲ."

"ಆಡ್ತಿದ್ರಿ. ಆದ್ರೆ ಎಲ್ಲಾ ಕುತ್ತಿಗೆ ಹತ್ರಾನೇ ಮುಗಿಸ್ಬಿಡ್ತಿದ್ರಿ. ಪಕ್ಕೆಲುಬಿಗೆ ಸುದ್ದೀನೇ ಹೋಗಿಲ್ಲ."

ಪಕ್ಕೆಲುಬಿಗೆ ಸುದ್ದಿ ಮುಟ್ಟಿಸುವುದು ಸುಲಭದ ಕೆಲಸವಾಗಿರಲಿಲ್ಲ. ನಫೋಸತ್ ಚಿಕಿತ್ಸಾಲಯದಲ್ಲಿ ಹೇಳುವ ಹಾಗೆ ಒಳಸ್ನಾಯು, ಕಟಿಭಾಗ, ಸಮಸ್ಥಿತಿ ಎಂದೆಲ್ಲ ಹೇಳಿ ನೋಡಿದಳು. ಸಲೋಮತ್ ಹೊಟ್ಟೆಯನ್ನು ಡೋಲಿನ ಹಾಗೆ ಉಬ್ಬಿಸಿ, ಉಸಿರು ಕಟ್ಟಿ, ಕಣ್ಣು ಮೇಲೆ ಮಾಡಿದಳು. ಮೂರನೆಯ ದಿನ ಸೊಸೆಗೆ ಬೇರೆ ದಾರಿ ಹೊಳೆಯಿತು. "ಅತ್ತೆ, ನಾದಿಟ್ಟ ಹಿಟ್ಟು ಬಟ್ಟೆಯೊಳಗೆ ಹುದುಗಿ ಉಬ್ಬುತ್ತಲ್ಲ, ಮೇಲಕ್ಕೆ ಮಾತ್ರ ಅಲ್ಲ, ಪಕ್ಕಕ್ಕೂ. ಹಾಗೆ ಉಸಿರು ತಗೊಳ್ಳಿ. ಬಿಡುವಾಗ, ರೊಟ್ಟಿ ನಡುವೆ ಅಚ್ಚು ಒತ್ತಿದ್ರೆ ಮಧ್ಯ ಮಾತ್ರ ತೆಳ್ಳಗಾಗಿ ಅಂಚು ಹಾಗೇ ಇರುತ್ತಲ್ಲ, ಹೊಕ್ಕಳ ಹತ್ರ ಅಷ್ಟೇ ಒಳಗೆ ಹೋಗ್ಲಿ."

ಸಲೋಮತ್ ಕಣ್ಣು ಮುಚ್ಚಿ ಉಸಿರು ತೆಗೆದುಕೊಂಡಳು. ಆಮೇಲೆ ಅವಳ ಹೊಟ್ಟೆ ನಿಜಕ್ಕೂ ನಡುವೆ ಮೆಲ್ಲಗೆ ಒಳಗಿಳಿಯಿತು.

"ಇದನ್ನ ಮೊದ್ಲೇ ಹೇಳೋಕೇನಾಗಿತ್ತು?" ಎಂದು ಗದರಿದಳು.

ಅಲ್ಲಿಂದ ಮುಂದೆ ಕೆಲಸ ಹಿಡಿಯಿತು. ಅಂಗಾತ ಮಲಗಿ ಸೊಂಟವನ್ನು ಅಕ್ಕಿಯ ಮೊರದಂತೆ ಹಿಂದೆ ಮುಂದೆ ವಾಲಿಸುವುದು. ಒಂದು ಕಾಲನ್ನು ಹೊಟ್ಟೆ ಅಲುಗದಂತೆ ಎತ್ತಿ ಇಳಿಸುವುದು. ಮಗ್ಗುಲಾಗಿ ಮಲಗಿ, ಪಾದ ಕೂಡಿಸಿಟ್ಟು, ಮೇಲಿನ ಮಂಡಿಯನ್ನು ಪುಸ್ತಕದ ಹಾಳೆಯಂತೆ ತೆರೆಯುವುದು. ಹದಿನೈದು ದಿನವಾದ ಮೇಲೆ ಪಾದ ಊರಿಕೊಂಡು ಸೊಂಟವನ್ನು ಸೇತುವೆಯಂತೆ ಮೇಲೆತ್ತುವುದು, ಒಂದೊಂದೇ ಎಲುಬಾಗಿ ಕೆಳಗಿಳಿಸುವುದು. ನೋಡಲು ಮಕ್ಕಳಾಟ. ಮಾಡಿದರೆ ತೊಡೆ ನಡುಗಿ, ಹಣೆಯಲ್ಲಿ ಬೆವರು. ತಂದೂರಿನ ಮುಂದೆ ಮೂವತ್ತೊಂದು ಬೇಸಿಗೆ ನಿಂತವಳಿಗೆ ಜಗಲಿಯ ನೆರಳಲ್ಲಿ ಮಲಗಿ ಬೆವರುವುದು ದೊಡ್ಡ ಅವಮಾನವಾಗಿ ಕಂಡಿತು. ಆದರೆ ನಾಲ್ಕನೆಯ ವಾರ ಕಾಲಿನ ನೋವು ಹಿಮ್ಮಡಿಯಿಂದ ಮೊಣಕಾಲಿಗೆ, ಮೊಣಕಾಲಿನಿಂದ ತೊಡೆಗೆ ಮೇಲಕ್ಕೆ ಸರಿಯಿತು. ಹಾಗೆ ಸರಿದರೆ ಒಳ್ಳೆಯ ಲಕ್ಷಣವೆಂದಳು ಸೊಸೆ. ಸಲೋಮತ್ ಈ ವಿಷಯವನ್ನು ಗಂಡನಿಗೆ ಮಾತ್ರ ಹೇಳಿದಳು, ಅದೂ ಸೊಸೆಯ ಹೆಸರೆತ್ತದೆ.

ಗುಟ್ಟು ಬಯಲಾದದ್ದು ಹೋಸಿಯತಳಿಂದ. ಬೀದಿಬಾಗಿಲಿನ ಅಗಳಿ ಸಡಿಲವಾಗಿದೆಯೆಂದು ಮೇಷ್ಟ್ರು ಒಂದು ವರ್ಷದಿಂದ ಹೇಳುತ್ತಲೇ ಇದ್ದರು. ಆ ಶುಕ್ರವಾರ ಹೋಸಿಯತ್ ದಾಳಿಂಬೆ ಹಣ್ಣಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಬಾಗಿಲನ್ನು ಹೆಗಲಿನಿಂದ ತಳ್ಳಿ ಒಳಗೆ ಬಂದಾಗ, ಸಲೋಮತ್ ಮಂಡಿ ಅಂಗೈ ಊರಿ ನಾಲ್ಕು ಕಾಲಲ್ಲಿದ್ದಳು. ಬೆನ್ನು ಬೆಕ್ಕಿನ ಹಾಗೆ ಮೇಲಕ್ಕೆ ಕಮಾನಾಗಿತ್ತು. ಸೊಸೆ ಪಕ್ಕದಲ್ಲಿ ನಿಂತು ಅತ್ತೆಯ ಬೆನ್ನ ಮೇಲೆ ಕೈಯಿಟ್ಟು ಹೇಳುತ್ತಿದ್ದಳು: "ತಲೆ ಕೆಳಗೆ ಅತ್ತೆ. ಇನ್ನೂ ಕೆಳಗೆ."

ಹೋಸಿಯತ್ ಬುಟ್ಟಿಯನ್ನು ಅಲ್ಲೇ ಇಟ್ಟಳು. ಒಂದು ಮಾತೂ ಆಡದೆ ಹಿಂದಕ್ಕೆ ನಡೆದು, ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿಕೊಂಡು ಹೋದಳು. ಅವಳು ಮಾತಾಡದೆ ಹೋದದ್ದನ್ನು ನೋಡಿಯೇ ಸುದ್ದಿ ಎಷ್ಟು ದೂರ ಹೋಗುತ್ತದೆಂದು ಸಲೋಮತಳಿಗೆ ಗೊತ್ತಾಯಿತು.

ಸಂಜೆಯ ಹೊತ್ತಿಗೆ ಓಣಿಯ ಈ ತುದಿಯಲ್ಲಿ ಸೊಸೆ ಅತ್ತೆಯನ್ನು ಅಂಬೆಗಾಲಿಡಿಸುತ್ತಾಳೆಂದೂ, ಆ ತುದಿಯಲ್ಲಿ ಬೆನ್ನ ಮೇಲೆ ಕೂತು ಸವಾರಿ ಮಾಡುತ್ತಾಳೆಂದೂ ಸುದ್ದಿಯಾಗಿತ್ತು. ಇಲ್ಹೋಮನನ್ನು ದೀಪದ ಕಂಬದ ಮೇಲಿದ್ದಾಗಲೇ ಯಾರೋ ಕೆಳಗಿನಿಂದ ಕೇಳಿದರಂತೆ, ನಿಮ್ಮನೆಯಲ್ಲಿ ಯಾರು ಯಾರಿಗೆ ಸಲಾಮು ಮಾಡುವುದು ಈಗ ಎಂದು.

"ಇನ್ನು ಸಾಕು," ಎಂದಳು ಸಲೋಮತ್ ಆ ಸಂಜೆ. "ನಂಗೆ ವಾಸಿಯಾಗಿದೆ."

ವಾಸಿಯಾಗಿದೆಯೆಂದು ತೋರಿಸಬೇಕಲ್ಲ. ಸೋಮವಾರ ಸೊಸೆ ಎಂದಿಗಿಂತ ಬೇಗ ಕೆಲಸಕ್ಕೆ ಹೋದದ್ದೇ ತಡ, ಮೇಷ್ಟ್ರನ್ನು ಔಷಧಿ ಅಂಗಡಿಗೆ ಅಟ್ಟಿ, ಹಿಟ್ಟು ನಾದಿ, ತಂದೂರಿಗೆ ಹತ್ತಿಗಿಡದ ಕಟ್ಟಿಗೆ ತುಂಬಿದಳು. ಬೆಂಕಿ ಹಿಡಿದು ಒಲೆಯ ಒಳಗೋಡೆ ಬೆಳ್ಳಗಾದಾಗ ಅವಳಿಗೆ ಕಳೆದುಕೊಂಡ ಹೆಸರು ಮತ್ತೆ ಸಿಕ್ಕಷ್ಟು ಹಿಗ್ಗು. ಮೊದಲ ಆರು ರೊಟ್ಟಿ ಸಲೀಸಾಗಿ ಅಂಟಿದವು. ಏಳನೆಯದಕ್ಕೆ ತಳದ ಗೋಡೆಯತ್ತ ಬಗ್ಗಿ ತಿರುಗಿದಳು.

ಮಧ್ಯಾಹ್ನ ನಫೋಸತ್ ಬಂದಾಗ ಅತ್ತೆ ಹಿತ್ತಲಿನ ನೆಲದ ಮೇಲೆ, ತಾನು ಮೊದಲ ದಿನ ಮಲಗಿಸಿದ ಹಾಗೆಯೇ, ಮಗ್ಗುಲಾಗಿ ಮೊಣಕಾಲು ಮಡಿಸಿ ಮಲಗಿದ್ದಳು. ಮೇಷ್ಟ್ರು ತಲೆಯ ಹತ್ತಿರ ಕೂತು ಪತ್ರಿಕೆಯಿಂದ ಗಾಳಿ ಹಾಕುತ್ತಿದ್ದರು.

"ಯಾಕೆ?" ಎಂದಳು ನಫೋಸತ್. ದನಿ ಏರಿತು. "ಐದು ವಾರ ಒಂದೊಂದು ಎಳೆ ಹಿಡಿದು ಹೆಣೆದದ್ದನ್ನ ಒಂದು ಬೆಳಗ್ಗೇಲಿ ಹರಿದು ಹಾಕಿದ್ರಲ್ಲ, ಯಾಕೆ? ಹೋಸಿಯತ್ ಓಪಾ ನಕ್ರು ಅಂತಲಾ? ನಿಮ್ಮ ಕಾಲು ನಿಂತುಹೋದ್ರೆ ಅವರು ಬಂದು ಎತ್ತಾಡಿಸ್ತಾರಾ? ಬೆಳಗ್ಗೆ ನಾನು ನಿಮಗೆ ಸಲಾಮು ಮಾಡೋ ಸೊಸೆ, ಸರಿ. ಹತ್ತು ಗಂಟೆಗೆ ಚಾಪೆ ಹಾಸಿದ ಮೇಲೆ ನಾನು ಸೊಸೆ ಅಲ್ಲ. ಅಲ್ಲಿ ನಾನು ಹೇಳಿದ್ದು ನೀವು ಕೇಳ್ಬೇಕು."

ಹೇಳಿ ಮುಗಿಸಿದ ಮೇಲೆ ತನ್ನ ದನಿ ತನಗೇ ಕೇಳಿಸಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಆ ಮನೆಯಲ್ಲಿ ಸೊಸೆಯೊಬ್ಬಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಗೋಡೆಗಳೂ ಕೇಳಿರಲಿಲ್ಲ. ಮೇಷ್ಟ್ರು ಗಾಳಿ ಹಾಕುವುದನ್ನು ನಿಲ್ಲಿಸಿ, ಪತ್ರಿಕೆ ಮಡಿಸಿಕೊಂಡು, ಕೋಳಿಗೆ ಕಾಳು ಹಾಕಬೇಕೆಂದು ಎದ್ದು ಹೋದರು. ಅವರ ಮನೆಯಲ್ಲಿ ಕೋಳಿಯಿರಲಿಲ್ಲ.

ಸಲೋಮತ್ ಕೆನ್ನೆಗೆ ಅಂಟಿದ ಹಿಟ್ಟನ್ನು ಒರೆಸಿಕೊಂಡಳು. ಆಮೇಲೆ ನೆಲವನ್ನು ನೋಡುತ್ತಲೇ ಹೇಳಿದಳು: "ನನ್ನ ಅತ್ತೆ ಈ ತಂದೂರು ನಂಗೆ ಏಳು ವರ್ಷ ಮುಟ್ಟೋಕೆ ಬಿಟ್ಟಿರ್ಲಿಲ್ಲ, ಗೊತ್ತಾ. ಹಿಟ್ಟು ನಾದು, ಕಟ್ಟಿಗೆ ತಾ, ಬೂದಿ ಬಳಿ. ಅಷ್ಟೇ. ಎಂಟನೇ ವರ್ಷ ಅವರ ಸೊಂಟ ಬಿತ್ತು. ಬಗ್ಗಿದೋರು ಏಳಲೇ ಇಲ್ಲ. ಹನ್ನೊಂದು ವರ್ಷ ನೆಲ ನೋಡ್ಕೊಂಡೇ ಓಡಾಡಿದ್ರು. ಮೊಮ್ಮಗ ಹುಟ್ಟಿದಾಗ, ಮಗೂನ ಕೆಳಗೆ ಹಿಡಿ, ಮುಖ ನೋಡ್ತೀನಿ ಅಂದ್ರು. ನಂಗೆ ತಂದೂರು ಸಿಕ್ಕಿದ್ದು ಹಾಗೆ."

ನಫೋಸತ್ ಪಕ್ಕದಲ್ಲಿ ಕೂತಳು.

"ಆವತ್ತು ಒಲೆ ಮುಂದೆ ಸಿಕ್ಕಿಹಾಕ್ಕೊಂಡಾಗ ನಂಗೆ ರೊಟ್ಟಿ ಕಾಣಿಸ್ಲಿಲ್ಲ ಮಗಳೇ. ಅವರು ಕಾಣಿಸಿದ್ರು."

"ಹಾಗಾಗೋಕೆ ನಾನು ಬಿಡಲ್ಲ," ಎಂದಳು ನಫೋಸತ್. "ನೀವು ಕೈ ಜೋಡಿಸಿದ್ರೆ," ಎಂದು ಸೇರಿಸಿದಳು.

ಮತ್ತೆ ಮೊದಲಿನಿಂದ ಶುರುವಾಯಿತು. ಮತ್ತೆ ಉಸಿರು, ಮತ್ತೆ ಮೊರ. ಈ ಸಲ ಬೀದಿಬಾಗಿಲು ಹಾಕಲಿಲ್ಲ. ಸಲೋಮತಳೇ ಬೇಡವೆಂದಳು. ನೋಡುವವರು ನೋಡಿ ಕಣ್ಣು ತಣ್ಣಗೆ ಮಾಡಿಕೊಳ್ಳಲಿ.

ಡಿಸೆಂಬರಿನಲ್ಲಿ ಅತ್ತೆ ನೆಟ್ಟಗೆ ಓಡಾಡತೊಡಗಿದ ಮೇಲೆ ನಫೋಸತ್ ಒಂದು ಬೇಡಿಕೆಯಿಟ್ಟಳು. ತನಗೆ ರೊಟ್ಟಿ ಹಾಕುವುದನ್ನು ಕಲಿಸಬೇಕು. "ನೀವು ಬಗ್ಗೋದು ಎಲ್ಲಿ ತಪ್ತಿದೆ ಅಂತ ನಾನೇ ಬಗ್ಗಿ ನೋಡ್ದೆ ಹೇಗೆ ಗೊತ್ತಾಗುತ್ತೆ?"

ಸಲೋಮತ್ ಆ ಕ್ಷಣಕ್ಕಾಗಿಯೇ ಎರಡು ತಿಂಗಳು ಕಾದಿದ್ದಂತೆ ಎದ್ದು ತೋಳೇರಿಸಿದಳು.

ನಫೋಸತಳ ಮೊದಲ ರೊಟ್ಟಿ ಗೋಡೆಗೆ ತಗಲುವ ಮೊದಲೇ ಮೆತ್ತೆಯಿಂದ ಜಾರಿ ಬೂದಿಗೆ ಬಿತ್ತು. ಎರಡನೆಯದು ಅಂಟಿತು, ಯೋಚಿಸಿತು, ಆಮೇಲೆ ಬಿತ್ತು. ಮೂರನೆಯದನ್ನು ಅಂಟಿಸುವ ಹಟದಲ್ಲಿ ಅವಳ ಬಲಹುಬ್ಬು ಸುಟ್ಟಿತು.

"ಮೊಣಕೈ ಮಡಿಸ್ಬೇಡ," ಎಂದಳು ಸಲೋಮತ್ ಸ್ಟೂಲಿನ ಮೇಲೆ ಬೆನ್ನು ನೆಟ್ಟಗಿಟ್ಟು ಕೂತು. "ಉಸಿರು ಬಿಡು. ಬಿಡ್ತಾ ಒಳಗೆ ಹೋಗು. ಹೊಟ್ಟೆ ಎಲ್ಲಿದೆ ನಿಂದು? ಸುದ್ದಿ ಹೋಗಿದೆಯಾ ಅದಕ್ಕೆ?"

"ಹೋಗಿದೆ ಅತ್ತೆ."

"ನಂಗೇನೂ ಕಾಣಿಸ್ತಿಲ್ಲ. ಇನ್ನೊಂದು ಸಲ."

ಆ ದಿನ ಸಲೋಮತ್ ನಕ್ಕ ನಗು ಹೋಸಿಯತಳ ಮನೆಯವರೆಗೂ ಕೇಳಿತು. ಒಂದು ಕಡೆ ಹುಬ್ಬಿಲ್ಲದ ಸೊಸೆ ಒಂದು ವಾರ ತಲೆವಸ್ತ್ರವನ್ನು ಕಣ್ಣಿನವರೆಗೂ ಎಳೆದುಕೊಂಡು ಕೆಲಸಕ್ಕೆ ಹೋದಳು.

ಆದರೆ ಕಾರಣ ಸಿಕ್ಕಿತು. ಹಿಟ್ಟಿನ ಹಲಗೆ ಎಡಗಡೆ ಮಂಡಿಯ ಎತ್ತರದಲ್ಲಿತ್ತು, ತಂದೂರಿನ ಬಾಯಿ ಬಲಗಡೆ ಎದೆಯ ಎತ್ತರದಲ್ಲಿ. ಒಂದೊಂದು ರೊಟ್ಟಿಗೂ ಬಗ್ಗಿ, ಬಗ್ಗಿದಲ್ಲೇ ತಿರುಗಿ, ತಿರುಗಿದಲ್ಲೇ ಒಳಕ್ಕೆ ಚಾಚುವುದು. ದಿನಕ್ಕೆ ನೂರಿಪ್ಪತ್ತು ಸಲ, ಮೂವತ್ತೊಂದು ವರ್ಷ. ಹಲಗೆ ಯಾಕೆ ಅಲ್ಲಿದೆಯೆಂದು ಕೇಳಿದರೆ, ಅದು ಯಾವಾಗಲೂ ಅಲ್ಲೇ ಇತ್ತು ಎಂದಳು ಸಲೋಮತ್. ಇಲ್ಹೋಮ್ ಒಂದು ಭಾನುವಾರ ಅದಕ್ಕೆ ಹೊಸ ಕಾಲು ಹೊಡೆದು ಸೊಂಟದೆತ್ತರಕ್ಕೆ ಏರಿಸಿ, ತಂದೂರಿನ ಇನ್ನೊಂದು ಪಕ್ಕಕ್ಕೆ ತಂದಿಟ್ಟ. ಒಲೆಯ ಮುಂದೆ ಇಟ್ಟಿಗೆಯ ಮೆಟ್ಟಿಲೊಂದನ್ನು ಕಟ್ಟಿದ. ಒಂದು ಪಾದ ಅದರ ಮೇಲಿಟ್ಟು, ಬೆನ್ನು ಹಲಗೆಯಂತೆ ಉದ್ದಕ್ಕಿಟ್ಟು, ಕೀಲು ತಿರುಗಬೇಕಾದ ತೊಡೆಯ ಬುಡದಲ್ಲೇ ಮಡಿಸಿ ಒಳಗೆ ಚಾಚುವುದನ್ನು ಸಲೋಮತ್ ಖಾಲಿ ತಂದೂರಿನಲ್ಲಿ ಹದಿನೈದು ದಿನ ಅಭ್ಯಾಸ ಮಾಡಿದಳು. ಹಿತ್ತಲಿನಾಚೆ ಹೋಗುವವರಿಗೆ ಅವಳು ಒಲೆಯ ಜೊತೆ ಮಾತಾಡುತ್ತಿರುವ ಹಾಗೆ ಕಾಣುತ್ತಿತ್ತು.

ಫೆಬ್ರವರಿಯಲ್ಲಿ ಓಣಿಯ ಹೆಂಗಸರ ತಿಂಗಳ ಕೂಟದ ಸರದಿ ಸಲೋಮತಳ ಮನೆಗೆ ಬಂತು. ಒಂಬತ್ತು ಜನ ಬಂದರು. ಪಲಾವಾಯಿತು, ಹಲ್ವಾ ಆಯಿತು, ಮೂರು ಕೆಟಲಿ ಹಸಿರು ಚಹಾ ಆಯಿತು. ಆಮೇಲೆ ಹೋಸಿಯತ್ ರೇಷ್ಮೆ ಅಂಗಿಯ ಮಡಿಕೆ ಸರಿಮಾಡಿಕೊಳ್ಳುತ್ತ ಸಿಹಿಯಾಗಿ ಕೇಳಿದಳು:

"ಸಲೋಮತ್, ಈಗ್ಲೂ ಸೊಸೆ ಮುಂದೆ ನಾಲ್ಕು ಕಾಲಲ್ಲಿ ನಿಲ್ತೀಯೇನೇ?"

ಎಲ್ಲರೂ ಚಹಾದ ಬಟ್ಟಲಿನೊಳಗೆ ನೋಡಿದರು.

"ನಿಲ್ತೀನಿ," ಎಂದಳು ಸಲೋಮತ್. "ದಿನಾ. ನೀನು ಎರಡು ಕಾಲಲ್ಲೇ ನಿಲ್ತೀಯ. ಒಂದು ಕೆಲ್ಸ ಮಾಡು, ಕೆಳಗಿಂದ ಕೈ ಊರದೆ ಎದ್ದು ತೋರ್ಸು ನೋಡೋಣ."

ಹೋಸಿಯತ್ ಏಳಹೋದಳು. ಅರ್ಧಕ್ಕೆ ಬಂದು, ಪಕ್ಕದವಳ ಹೆಗಲು ಹಿಡಿದು, ಅಯ್ಯೋ ಎಂದು ಅಲ್ಲೇ ಕೂತಳು. ಸಲೋಮತ್ ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು, ಉಸಿರು ಬಿಡುತ್ತ, ಹುದುಗಿದ ಹಿಟ್ಟಿನ ಹಾಗೆ ಮೆಲ್ಲಗೆ ಮೇಲೆದ್ದಳು. ಎದ್ದವಳು ಕೆಟಲಿ ತುಂಬಿಸಿಕೊಂಡು ಬರಲು ಅಡುಗೆಮನೆಗೆ ಹೋದಳು. ಅವಳು ಬರುವಷ್ಟರಲ್ಲಿ ಒಬ್ಬೊಬ್ಬರೂ ನಫೋಸತಳ ಕಿವಿಯ ಹತ್ತಿರ ತಂತಮ್ಮ ಮಂಡಿಯ, ಭುಜದ, ಕುತ್ತಿಗೆಯ ಕಥೆ ಬಿಚ್ಚಿಯಾಗಿತ್ತು. ಎಲ್ಲರಿಗಿಂತ ಹತ್ತಿರ ಹೋಸಿಯತಳೇ ಕೂತಿದ್ದಳು. ಎರಡು ವರ್ಷದಿಂದ ಅವಳಿಗೆ ಎಡಭುಜ ಎತ್ತಲು ಆಗುತ್ತಿರಲಿಲ್ಲವಂತೆ. ಯಾರಿಗೂ ಹೇಳಿರಲಿಲ್ಲವಂತೆ. ಅವಳು ಯಾರಿಗೂ ಹೇಳದ ಸಂಗತಿಯೊಂದು ಲೋಕದಲ್ಲಿದೆಯೆಂದು ಓಣಿಗೆ ಗೊತ್ತಾದದ್ದು ಆವತ್ತೇ.

ಹೀಗೆ ಗುರುವಾರದ ಮಧ್ಯಾಹ್ನಗಳು ಶುರುವಾದವು. ಮೊದಲು ಮೂವರು, ಆಮೇಲೆ ಏಳು, ಏಪ್ರಿಲಿನಲ್ಲಿ ಹನ್ನೊಂದು. ಚಾಪೆಯಿಲ್ಲದವರು ಮನೆಯಿಂದ ಜಮಖಾನ ಹೊತ್ತು ತಂದರು. ನಫೋಸತ್ ಮೊದಲು ಒಬ್ಬೊಬ್ಬರ ವೈದ್ಯರ ಚೀಟಿ ಓದಿ, ಯಾರು ಏನು ಮಾಡಬಾರದೆಂದು ಬರೆದಿಟ್ಟುಕೊಂಡಳು. ರಕ್ತದೊತ್ತಡ ಜಾಸ್ತಿಯಿದ್ದ ಒಬ್ಬಳನ್ನು ಕುರ್ಚಿಯ ಮೇಲೆ ಕೂರಿಸಿಯೇ ಮಾಡಿಸಿದಳು. ಹಿಟ್ಟು, ಅಚ್ಚು, ಮೊರದ ಭಾಷೆಯನ್ನು ಈಗ ಚಿಕಿತ್ಸಾಲಯದಲ್ಲೂ ಬಳಸುತ್ತಿದ್ದಳು. ಲಾರಿ ಓಡಿಸುವ ಗಂಡಸರಿಗೂ ಅದು ಚೆನ್ನಾಗಿ ಅರ್ಥವಾಗುತ್ತಿತ್ತಂತೆ.

ಸಲೋಮತಳ ಬೆನ್ನು ಹೊಸದಾಗಲಿಲ್ಲ. ಚಳಿಯ ಬೆಳಗ್ಗೆ ಬಲತೊಡೆ ಇನ್ನೂ ಜಗ್ಗುತ್ತದೆ. ನೂರಿಪ್ಪತ್ತರ ಜಾಗದಲ್ಲಿ ಈಗ ಎಪ್ಪತ್ತು ರೊಟ್ಟಿ, ಮೂವತ್ತಕ್ಕೊಮ್ಮೆ ನಿಲ್ಲಿಸಿ ಗೋಡೆಗೆ ಬೆನ್ನು ಕೊಟ್ಟು ಉಸಿರು. ಭಾನುವಾರದ ರೊಟ್ಟಿ ಸೊಸೆಯದು. ಅವು ಇನ್ನೂ ಅಷ್ಟು ದುಂಡಗಾಗುವುದಿಲ್ಲ. ಯಾರಾದರೂ ಮುಖ ಸಿಂಡರಿಸಿದರೆ ಸಲೋಮತ್ ರೊಟ್ಟಿಯನ್ನು ಅವರ ಕೈಯಿಂದ ವಾಪಸು ತೆಗೆದುಕೊಂಡು, ನೀವು ಸೋಮವಾರ ಬನ್ನಿ ಎನ್ನುತ್ತಾಳೆ. ಸೋಮವಾರ ಹೋದರೆ ಮುಗಿದಿರುತ್ತದೆ.

ಜೂನಿನಲ್ಲಿ ನಫೋಸತ್ ಮುಂದಿನ ಹಂತದ ತರಬೇತಿಗೆಂದು ಹತ್ತು ದಿನ ತಾಷ್ಕೆಂಟಿಗೆ ಹೋದಳು. ಹೋಗುವ ಮುಂಚೆ ಅತ್ತೆಗೆ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದಳು: ಇಷ್ಟು ಮಾಡಿಸಿ, ಇದಕ್ಕಿಂತ ಹೆಚ್ಚು ಬೇಡ. ಗುರುವಾರ ಮಧ್ಯಾಹ್ನ ಕುತೂಹಲ ತಡೆಯದೆ ಫೋನು ಮಾಡಿದಳು.

"ಹೇಗೆ ನಡೀತಿದೆ ಅತ್ತೆ?"

"ಚೆನ್ನಾಗಿ ನಡೀತಿದೆ. ನೀನು ತುಂಬಾ ಮೃದು ಮಗಳೇ, ಇವರನ್ನೆಲ್ಲ ಹಾಳು ಮಾಡಿಟ್ಟಿದ್ದೀಯ. ಎಂಟು ಸಲಕ್ಕೇ ಸುಸ್ತು ಅಂತಾರೆ."

"ಎಂಟೇ ಅತ್ತೆ ನಾನು ಬರ್ದಿದ್ದು."

"ಹೌದಾ? ನಿನ್ನ ಅಕ್ಷರ ನಂಗೆ ಹದಿನೆಂಟು ಅಂತ ಕಾಣ್ತು. ಅದಿರ್ಲಿ, ಊಟ ಮಾಡಿದ್ಯಾ? ಅಲ್ಲಿ ರೊಟ್ಟಿ ಹೇಗಿದೆ? ರಬ್ಬರಾ?"

"ಅತ್ತೆ, ಅವರು ಈಗ ಏನು ಮಾಡ್ತಿದ್ದಾರೆ?"

ಸಲೋಮತ್ ಹಿಂತಿರುಗಿ ನೋಡಿದಳು. ಜಗಲಿಯ ಮೇಲೆ ಕುರ್ಚಿಯವಳೊಬ್ಬಳನ್ನು ಬಿಟ್ಟು ಉಳಿದ ಹತ್ತು ಹೆಂಗಸರು ಸೊಂಟ ಮೇಲೆತ್ತಿ ಸೇತುವೆಯಾಗಿ ನಿಂತಿದ್ದರು. ಬಣ್ಣಬಣ್ಣದ ರೇಷ್ಮೆಯೆಲ್ಲ ನಡುಗುತ್ತಿತ್ತು.

"ಇಳಿಸೋಕೆ ಹೇಳೇ, ಪುಣ್ಯಾತ್ಗಿತ್ತಿ," ಎಂದು ಕೂಗಿದಳು ಹೋಸಿಯತ್.

"ಫೋನಲ್ಲಿದ್ದೀನಿ, ಕಾಣ್ಸಲ್ವಾ?" ಎಂದಳು ಸಲೋಮತ್, ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಳ್ಳುತ್ತ.